ನಮ್ಮ ಹೆಸರಿನಲ್ಲಿ ಮಾತಾಡಿದವರು ಯಾರು?

2016ರ ಮೇ 21, ಶನಿವಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಇಸ್ಲಾಮಿಕ್ ದಾವಾ ಸೆಂಟರ್ ಎಂಬ ಸಂಸ್ಥೆಯ ಕಟ್ಟಡವಿದೆ. ಅಂದು ಅದರ ಮುಂದಿನ ರಸ್ತೆಯ ಆಚೆ ಈಚೆ ಎರಡು ಗುಂಪುಗಳು ನಿಂತಿದ್ದವು. ಟೆಕ್ಸಾಸ್ ಇಸ್ಲಾಮೀಕರಣವಾಗುತ್ತಿದೆ, ಅದನ್ನು ನಿಲ್ಲಿಸಿ ಎಂದು ಒಂದು ಗುಂಪು ಕೂಗುತ್ತಿತ್ತು. ಅವರಲ್ಲಿ ಕೆಲವರ ಕೈಯಲ್ಲಿ ಬಂದೂಕುಗಳಿದ್ದವು. ಇನ್ನೊಂದು ಗುಂಪು ಮುಸ್ಲಿಮರ ಪರವಾಗಿ ಘೋಷಣೆ ಕೂಗುತ್ತಿತ್ತು. ನಡುವೆ ಪೊಲೀಸರು.

ಮೊದಲ ಗುಂಪಿಗೆ ಕರೆ ಕೊಟ್ಟಿದ್ದು 'ಹಾರ್ಟ್ ಆಫ್ ಟೆಕ್ಸಾಸ್' ಎಂಬ ಫೇಸ್‌ಬುಕ್ ಪುಟ. ಎದುರಿನ ಕಡೆಗೆ ಜನರನ್ನು ಕರೆದಿದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಎಂಬ ಇನ್ನೊಂದು ಪುಟ. ಕರೆ ಕೊಟ್ಟವರು ಮಾತ್ರ ಎರಡೂ ಕಡೆ ಇರಲಿಲ್ಲ. ಏಕೆಂದರೆ ಎರಡೂ ಪುಟಗಳನ್ನು ನಡೆಸುತ್ತಿದ್ದವರು ಒಬ್ಬರೇ. ಅವರು ಇದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ, 'ಇಂಟರ್ನೆಟ್ ರಿಸರ್ಚ್ ಏಜೆನ್ಸಿ' ಎಂಬ ಕಂಪನಿಯ ಕಚೇರಿಯಲ್ಲಿ. ಈ ವಿಷಯ 2017ರ ನವೆಂಬರ್ 1ರಂದು ಅಮೆರಿಕ ಸೆನೆಟ್‌ನ ವಿಚಾರಣೆಯಲ್ಲಿ ಎಲ್ಲರ ಮುಂದೆ ಬಂತು. ಇಡೀ ಪ್ರಸಂಗಕ್ಕೆ ಆದ ಖರ್ಚು ಸುಮಾರು 200 ಡಾಲರ್ ಎಂದು ಸಮಿತಿಯ ಅಧ್ಯಕ್ಷರು ಹೇಳಿದರು. ಆಗಿನ ದರದಲ್ಲಿ ಸುಮಾರು 13 ಸಾವಿರ ರೂಪಾಯಿ. ನಮ್ಮ ಕಡೆ ಒಂದು ಮದುವೆಯ ಶಾಮಿಯಾನಕ್ಕೂ ಸಾಲದ ಹಣ.

ವಿದೇಶಿ ಹಸ್ತಕ್ಷೇಪ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಹ್ಯಾಕಿಂಗ್, ಮತಯಂತ್ರ, ಗೂಢಚಾರರು. 2016ರಲ್ಲಿ ಅದೂ ನಡೆಯಿತು. ರಷ್ಯಾದ ಸೇನಾ ಗುಪ್ತಚರ ವಿಭಾಗದ 12 ಅಧಿಕಾರಿಗಳ ಮೇಲೆ ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದ ಆರೋಪವನ್ನು ಅಮೆರಿಕ 2018ರ ಜುಲೈನಲ್ಲಿ ಹೊರಿಸಿತು. ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹ್ಯೂಸ್ಟನ್‌ನ ಈ 200 ಡಾಲರ್. ಇಲ್ಲಿ ಯಾರ ಕಂಪ್ಯೂಟರ್ ಅನ್ನೂ ಒಡೆಯಲಿಲ್ಲ, ಯಾರ ಮತವನ್ನೂ ಬದಲಿಸಲಿಲ್ಲ. ಕದ್ದದ್ದು ಒಂದು ಸಮುದಾಯದ ಹೆಸರನ್ನು. ಆ ಹೆಸರಿನ ನಿಜವಾದ ಸಂಘಟನೆಯೊಂದು ಅಮೆರಿಕದಲ್ಲಿ ಮೊದಲೇ ಇತ್ತು. ಅದರ ಹೆಸರನ್ನೇ ಇವರು ಎತ್ತಿಕೊಂಡರು.

ಇಂದಿನ ಅಂತಾರಾಷ್ಟ್ರೀಯ ಕಾನೂನಿಗೆ ಬಲವಂತವನ್ನು ಗುರುತಿಸಲು ಬರುತ್ತದೆ, ಮೋಸವನ್ನು ಗುರುತಿಸಲು ಸರಿಯಾಗಿ ಬರುವುದಿಲ್ಲ. ಈ ಅಂತರ ತುಂಬದಿದ್ದರೆ ಅದರ ಪೆಟ್ಟು ಮೊದಲು ಬೀಳುವುದು ಸಣ್ಣ ಸಮುದಾಯಗಳ ಮೇಲೆ. ಇದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ನಾನು ವಾಣಿಜ್ಯ ವಿದ್ಯಾರ್ಥಿ, ಹಣ ಎಲ್ಲಿಂದ ಬಂತು ಎಂದು ಕೇಳುವುದು ನಮಗೆ ಕಲಿಸಿದ ಮೊದಲ ಪಾಠ. 2018ರ ಫೆಬ್ರವರಿ 16ರಂದು ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ತಂಡ 13 ರಷ್ಯನ್ನರು ಮತ್ತು 3 ಕಂಪನಿಗಳ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. ಅದನ್ನು ಓದಿದರೆ ವ್ಯವಹಾರ ಅಧ್ಯಯನದ ಪಾಠ ಓದಿದಂತೆಯೇ ಇದೆ. ಆ ಕಂಪನಿಯಲ್ಲಿ ಚಿತ್ರ ತಯಾರಿಸುವ ವಿಭಾಗವಿತ್ತು, ದತ್ತಾಂಶ ವಿಶ್ಲೇಷಣೆಯ ವಿಭಾಗವಿತ್ತು, ಹಣಕಾಸು ವಿಭಾಗವಿತ್ತು, ಹಗಲು ಪಾಳಿ ರಾತ್ರಿ ಪಾಳಿ ಇತ್ತು. 2016ರ ಸೆಪ್ಟೆಂಬರ್ ಹೊತ್ತಿಗೆ ಅದರ ಯೋಜನೆಯ ತಿಂಗಳ ಬಜೆಟ್ 7.3 ಕೋಟಿ ರೂಬಲ್ ದಾಟಿತ್ತು, ಎಂದರೆ 12.5 ಲಕ್ಷ ಡಾಲರ್‌ಗಿಂತ ಹೆಚ್ಚು. ಇದರಲ್ಲಿ ಬೇರೆ ದೇಶಗಳಲ್ಲಿ ಮತ್ತು ರಷ್ಯಾದ ಒಳಗೆ ನಡೆಸಿದ ಕೆಲಸದ ಖರ್ಚೂ ಸೇರಿತ್ತು. ಸಿಬ್ಬಂದಿಗೆ ಬೋನಸ್ ಕೂಡ ಇತ್ತು.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದ ಲೆಕ್ಕದಲ್ಲಿ ಒಂದೇ ಒಂದು ಕಾಲಂ ಖಾಲಿ ಇತ್ತು. ಜನರ ಮುಂದೆ ನಿಜವಾದ ಹೆಸರು ಎಲ್ಲೂ ಇರಲಿಲ್ಲ. ಆ ಕಂಪನಿಯ ಖಾತೆಗಳಿಗೆ ಸೇರಿದ 3,000ಕ್ಕೂ ಹೆಚ್ಚು ಜಾಹೀರಾತುಗಳಿಗೆ ಸುಮಾರು ಒಂದು ಲಕ್ಷ ಡಾಲರ್ ಪಡೆದಿದ್ದಾಗಿ ಫೇಸ್‌ಬುಕ್ ಆಮೇಲೆ ಒಪ್ಪಿಕೊಂಡಿತು. ಅವುಗಳಲ್ಲಿ ಕೆಲವಕ್ಕೆ ರೂಬಲ್‌ನಲ್ಲೇ ಪಾವತಿಯಾಗಿತ್ತು. ಹೆಚ್ಚಿನವುಗಳಲ್ಲಿ ಚುನಾವಣೆಯ ಮಾತಾಗಲಿ ಅಭ್ಯರ್ಥಿಯ ಹೆಸರಾಗಲಿ ಇರಲಿಲ್ಲ. ಬಣ್ಣ, ಧರ್ಮ, ಬಂದೂಕು, ವಲಸೆ ಇವುಗಳ ಬಗ್ಗೆಯೇ ಇದ್ದವು. ಆ ಪುಟಗಳ ಬರಹ ಎರಡು ವರ್ಷಗಳಲ್ಲಿ 12.6 ಕೋಟಿ ಜನರ ಕಣ್ಣಿಗೆ ಬಿದ್ದಿರಬಹುದು ಎಂದು ಫೇಸ್‌ಬುಕ್ ಅಂದಾಜು ಮಾಡಿತು.

ಆಸ್ತಿಯ ವಿಷಯದಲ್ಲಿ ಇಂಥದ್ದಕ್ಕೆ ನಮ್ಮಲ್ಲಿ ಒಂದು ಪದವಿದೆ, ಬೇನಾಮಿ. ಹಣ ಒಬ್ಬನದು, ಹೆಸರು ಇನ್ನೊಬ್ಬನದು. ಈ ಪದ ನಮ್ಮ ಮನೆಯ ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ, ಭಾರತದ 1988ರ ಕಾಯ್ದೆಯ ಹೆಸರಿನಲ್ಲೂ ಇದೆ. ಬೇನಾಮಿ ಆಸ್ತಿ ತಪ್ಪು ಎಂದು ಎಲ್ಲರಿಗೂ ಗೊತ್ತು. ಬೇನಾಮಿ ಮಾತಿನ ಬಗ್ಗೆ ನಾವು ಇನ್ನೂ ಹಾಗೆ ಯೋಚಿಸುತ್ತಿಲ್ಲ.

ಈ ಬೇನಾಮಿ ಮಾತು ಮುಸ್ಲಿಮರ ಹೆಸರನ್ನು ಹೇಗೆ ಬಳಸಿತು ಎನ್ನುವುದಕ್ಕೆ ಆ ದೋಷಾರೋಪ ಪಟ್ಟಿಯಲ್ಲೇ ಇನ್ನೂ ಎರಡು ಉದಾಹರಣೆಗಳಿವೆ. 2016ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಹಿಲರಿ ಕ್ಲಿಂಟನ್ ಅವರನ್ನು ಬೆಂಬಲಿಸುವ, ಅಮೆರಿಕದ ಮುಸ್ಲಿಮರನ್ನು ಉಳಿಸುವ ಹೆಸರಿನಲ್ಲಿ ಒಂದು ಸಭೆ ಕರೆದರು. ಅಲ್ಲಿ ನಿಜವಾದ ಒಬ್ಬ ಅಮೆರಿಕನ್ನನ ಕೈಗೆ ಒಂದು ಫಲಕ ಹಿಡಿಸಿದರು. ಅದರಲ್ಲಿ ಕ್ಲಿಂಟನ್ ಅವರ ಚಿತ್ರ, ಜೊತೆಗೆ ಷರಿಯಾ ಕಾನೂನನ್ನು ಹೊಗಳುವ, ಅವರದೇ ಎಂದು ತೋರಿಸಿದ ಒಂದು ಮಾತು. ಮುಸ್ಲಿಮರ ಪರ ಸಭೆಯಂತೆ ಕಾಣುತ್ತಿತ್ತು, ಆದರೆ ಅದನ್ನು ಟಿ.ವಿ.ಯಲ್ಲಿ ನೋಡುವ ಬೇರೆಯವರಿಗೆ ಭಯ ಹುಟ್ಟಬೇಕು. ನವೆಂಬರ್‌ನಲ್ಲಿ ಮತದಾನ ಬಂದಾಗ ಅದೇ 'ಯುನೈಟೆಡ್ ಮುಸ್ಲಿಮ್ಸ್' ಖಾತೆಗಳು, ಅಮೆರಿಕದ ಮುಸ್ಲಿಮರು ಚುನಾವಣೆ ಬಹಿಷ್ಕರಿಸುತ್ತಿದ್ದಾರೆ ಎಂದು ಬರೆದವು.

ಹೀಗೆ ಒಂದೇ ಹೆಸರಿನಿಂದ ಎರಡು ಕೆಲಸ ನಡೆಯಿತು. ಹೊರಗಿನವರಿಗೆ ನಮ್ಮ ಬಗ್ಗೆ ಹೆದರಿಕೆ, ಒಳಗಿನವರಿಗೆ ಮತಗಟ್ಟೆಗೆ ಹೋಗಬೇಡಿ ಎಂಬ ಸಲಹೆ. ದೊಡ್ಡ ಸಮುದಾಯದ ಹೆಸರನ್ನು ಹೀಗೆ ಕದಿಯುವುದು ಕಷ್ಟ, ಏಕೆಂದರೆ ಆ ಜನ ಎಲ್ಲರಿಗೂ ಗೊತ್ತು, ಪಕ್ಕದ ಮನೆಯಲ್ಲೇ ಇರುತ್ತಾರೆ. ಸಣ್ಣ ಸಮುದಾಯದವರನ್ನು ಹತ್ತಿರದಿಂದ ಬಲ್ಲವರು ಕಡಿಮೆ. ಆದ್ದರಿಂದ ಅವರ ಹೆಸರಿನಲ್ಲಿ ಯಾರು ಏನು ಹೇಳಿದರೂ ಅದು ಅವರದೇ ಮಾತಾಗಿಬಿಡುತ್ತದೆ. 'ಕರ್ನಾಟಕದ ಮುಸ್ಲಿಂ ವಿದ್ಯಾರ್ಥಿಗಳು ಹೀಗೆ ಹೇಳುತ್ತಾರೆ' ಎಂದು ನಾಳೆ ಒಂದು ಪುಟ ಬರೆದರೆ, ನಮ್ಮ ತರಗತಿಯಲ್ಲಿ ಯಾರನ್ನೂ ಕೇಳದೆ ಬರೆದದ್ದು ಅದು ಎಂದು ಲಕ್ಷಾಂತರ ಓದುಗರಿಗೆ ಹೇಳುವವರು ಯಾರು?

ಈಗ ಕಾನೂನಿಗೆ ಬರೋಣ. ಒಂದು ದೇಶದ ಆಂತರಿಕ ವಿಷಯದಲ್ಲಿ ಇನ್ನೊಂದು ದೇಶ ಕೈಹಾಕಬಾರದು ಎಂಬ ತತ್ವ ಹಳೆಯದು. ವಿಶ್ವಸಂಸ್ಥೆಯ ಮಹಾಸಭೆ 1970ರ ಅಕ್ಟೋಬರ್ 24ರ ಘೋಷಣೆಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದೆ. 1986ರ ಜೂನ್ 27ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ನಿಕರಾಗುವ ಮತ್ತು ಅಮೆರಿಕದ ನಡುವಿನ ಪ್ರಕರಣದಲ್ಲಿ ಇದರ ಅಳತೆಗೋಲನ್ನು ಹೇಳಿತು. ತನ್ನ ರಾಜಕೀಯ ವ್ಯವಸ್ಥೆಯನ್ನು ಆರಿಸಿಕೊಳ್ಳುವಂಥ, ದೇಶ ಸ್ವತಂತ್ರವಾಗಿ ತೀರ್ಮಾನಿಸಬೇಕಾದ ವಿಷಯದಲ್ಲಿ ಬಲವಂತ ನಡೆದರೆ ಅದು ನಿಷಿದ್ಧ ಹಸ್ತಕ್ಷೇಪ. ಅಲ್ಲಿ ಅಮೆರಿಕ ಬಂಡುಕೋರರಿಗೆ ಆಯುಧ, ಹಣ ಕೊಟ್ಟಿತ್ತು, ಬಂದರುಗಳಲ್ಲಿ ಸಿಡಿಗುಂಡು ಇಟ್ಟಿತ್ತು. ಬಲವಂತ ಕಣ್ಣಿಗೆ ಕಾಣುತ್ತಿತ್ತು.

ಆದರೆ 200 ಡಾಲರ್‌ನ ಜಾಹೀರಾತಿನಲ್ಲಿ ಬಲವಂತ ಎಲ್ಲಿದೆ? ಹ್ಯೂಸ್ಟನ್‌ಗೆ ಬಂದವರೆಲ್ಲ ತಾವಾಗಿಯೇ ಬಂದರು. ಮತ ಎಣಿಕೆಯನ್ನು ತಿದ್ದಿದರೆ ಅದು ನಿಷಿದ್ಧ ಎಂಬುದರಲ್ಲಿ ಹೆಚ್ಚು ಕಾನೂನು ಪಂಡಿತರಿಗೆ ಅನುಮಾನವಿಲ್ಲ. ಮತದಾರನ ಮನಸ್ಸನ್ನು ಸುಳ್ಳು ಹೆಸರಿನಿಂದ ತಿದ್ದಿದರೆ ಏನು ಎಂಬಲ್ಲಿ ಒಮ್ಮತವಿಲ್ಲ. 2015ರಲ್ಲಿ ವಿಶ್ವಸಂಸ್ಥೆಯ ತಜ್ಞರ ಗುಂಪು ಸೈಬರ್ ನಡವಳಿಕೆಗೆ 11 ನಿಯಮಗಳನ್ನು ಹೇಳಿತು. ಅವು ಇಷ್ಟವಿದ್ದವರು ಪಾಲಿಸುವ ನಿಯಮಗಳು, ಕಡ್ಡಾಯವಲ್ಲ.

ಎರಡನೆಯ ತೊಡಕು ಕಂಪನಿಯದು. ಮಾಡಿದ್ದು ಖಾಸಗಿ ಕಂಪನಿ, ನಮಗೇನು ಗೊತ್ತು ಎಂದು ಸರ್ಕಾರ ಕೈತೊಳೆದುಕೊಳ್ಳಬಹುದು. ಈ ಕಂಪನಿಯ ಹಿಂದಿದ್ದ ಉದ್ಯಮಿ ಯೆವ್ಗೆನಿ ಪ್ರಿಗೋಝಿನ್ ವರ್ಷಗಟ್ಟಲೆ ಎಲ್ಲವನ್ನೂ ನಿರಾಕರಿಸಿ, 2022ರ ನವೆಂಬರ್‌ನಲ್ಲಿ ಹೌದು, ಅಮೆರಿಕದ ಚುನಾವಣೆಗಳಲ್ಲಿ ಹಸ್ತಕ್ಷೇಪ ಮಾಡಿದ್ದೇವೆ, ಮುಂದೆಯೂ ಮಾಡುತ್ತೇವೆ ಎಂಬರ್ಥದ ಮಾತಾಡಿದರು. ಮರುವರ್ಷ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಾನ್‌ಕಾರ್ಡ್ ಎಂಬ ಅವರ ಕಂಪನಿಯ ಮೇಲಿನ ಮೊಕದ್ದಮೆಯನ್ನು ಅಮೆರಿಕ 2020ರಲ್ಲೇ ಕೈಬಿಟ್ಟಿತ್ತು. ಒಟ್ಟಿನಲ್ಲಿ ಆ ದೋಷಾರೋಪ ಪಟ್ಟಿಯಲ್ಲಿದ್ದ ರಷ್ಯನ್ನರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಈ ತೊಡಕಿಗೆ ಉತ್ತರ ಹಳೆಯ ತೀರ್ಪಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. 1946ರಲ್ಲಿ ಅಲ್ಬೇನಿಯಾದ ಸಮುದ್ರದಲ್ಲಿ ಸಿಡಿಗುಂಡಿಗೆ ಸಿಕ್ಕಿ ಎರಡು ಬ್ರಿಟಿಷ್ ಯುದ್ಧನೌಕೆಗಳು ಹಾಳಾದವು, ನಾವಿಕರು ಸತ್ತರು. ಸಿಡಿಗುಂಡು ಇಟ್ಟವರು ಯಾರು ಎಂಬುದು ಸಾಬೀತಾಗಲಿಲ್ಲ. ಆದರೂ 1949ರ ಕೋರ್ಫು ಜಲಸಂಧಿ ತೀರ್ಪಿನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಅಲ್ಬೇನಿಯಾವನ್ನೇ ಹೊಣೆ ಮಾಡಿತು. ತನ್ನ ನೆಲದಿಂದ ಬೇರೆ ದೇಶದ ಹಕ್ಕಿಗೆ ಧಕ್ಕೆಯಾಗುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿರುವಂತಿಲ್ಲ ಎಂಬುದು ಅದರ ಸಾರ. ನೂರಾರು ನೌಕರರು ಎರಡು ಪಾಳಿಯಲ್ಲಿ ಕೆಲಸ ಮಾಡುವ ಕಚೇರಿ ತನ್ನ ದೊಡ್ಡ ನಗರದಲ್ಲೇ ಇದ್ದು, ಜಗತ್ತಿನ ಪತ್ರಿಕೆಗಳೆಲ್ಲ ಅದರ ಬಗ್ಗೆ ಬರೆದ ಮೇಲೂ ನಮಗೆ ಗೊತ್ತಿಲ್ಲ ಎಂದು ಯಾವ ಸರ್ಕಾರವೂ ಹೇಳಲು ಸಾಧ್ಯವಾಗಬಾರದು. ಸಮುದ್ರದ ಸಿಡಿಗುಂಡಿಗೆ ಅನ್ವಯವಾದ ತರ್ಕ ಇದಕ್ಕೂ ಅನ್ವಯವಾಗಬೇಕು.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ದೂರು ಕೊಡುವ ಅಮೆರಿಕ ತಾನೇನು ಕಡಿಮೆಯೇ? ನ್ಯಾಯವಾದ ಪ್ರಶ್ನೆ. ಡೋವ್ ಲೆವಿನ್ ಎಂಬ ಸಂಶೋಧಕರು 1946ರಿಂದ 2000ದವರೆಗೆ ಬೇರೆ ದೇಶಗಳ ಚುನಾವಣೆಗಳಲ್ಲಿ ಈ ಎರಡು ಶಕ್ತಿಗಳ ಹಸ್ತಕ್ಷೇಪಗಳನ್ನು ಎಣಿಸಿದ್ದಾರೆ. ಅಮೆರಿಕದ್ದು 81, ಸೋವಿಯತ್ ಒಕ್ಕೂಟ ಮತ್ತು ರಷ್ಯಾದ್ದು 36. 1964ರ ಚಿಲಿ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪ್ರಚಾರ ವೆಚ್ಚದ ಅರ್ಧಕ್ಕಿಂತ ಹೆಚ್ಚನ್ನು ಸಿ.ಐ.ಎ. ಭರಿಸಿತ್ತು ಎಂದು ಅಮೆರಿಕದ ಸೆನೆಟ್ ಸಮಿತಿಯೇ 1975ರಲ್ಲಿ ಹೇಳಿತು. ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ಇಲ್ಲಿನ ರಾಜಕೀಯಕ್ಕೂ ತಮ್ಮ ದೇಶ ಎರಡು ಸಲ ಹಣ ಕೊಟ್ಟಿತ್ತು ಎಂದು 1978ರ ತಮ್ಮ ಪುಸ್ತಕದಲ್ಲಿ ಬರೆದರು.

ಇದರಿಂದ ರಷ್ಯಾದ ಕೆಲಸ ಸರಿಯಾಗುವುದಿಲ್ಲ. ಇಬ್ಬರು ವ್ಯಾಪಾರಿಗಳು ತೂಕದಲ್ಲಿ ಮೋಸ ಮಾಡಿದರೆ ತಕ್ಕಡಿಯನ್ನೇ ಬಿಸಾಡುತ್ತೇವೆಯೇ? ಇಬ್ಬರಿಗೂ ಒಂದೇ ತಕ್ಕಡಿ ಬೇಕು ಎನ್ನುತ್ತೇವೆ. ಪ್ರಬಲ ದೇಶಗಳು ನಿಯಮವನ್ನು ಅಸ್ಪಷ್ಟವಾಗಿ ಇಟ್ಟಿರುವುದರಿಂದ ಲಾಭ ಅವರಿಗೇ. ಚಿಲಿಯಂಥ, ರೊಮೇನಿಯಾದಂಥ ದೇಶಗಳಿಗೆ ಸ್ಪಷ್ಟ ನಿಯಮ ಬೇಕು.

ರೊಮೇನಿಯಾದ ಹೆಸರು ಹೇಳಿದ್ದಕ್ಕೆ ಕಾರಣವಿದೆ. 2024ರ ನವೆಂಬರ್ 24ರಂದು ಅಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆಯಿತು. ಸಮೀಕ್ಷೆಗಳಲ್ಲಿ ಹಿಂದಿದ್ದ ಕಾಲಿನ್ ಜಾರ್ಜೆಸ್ಕು ಶೇ. 23ರಷ್ಟು ಮತ ಪಡೆದು ಮೊದಲಿಗರಾದರು. ಪ್ರಚಾರದ ಖರ್ಚು ಸೊನ್ನೆ ಎಂದು ಅವರು ಲೆಕ್ಕ ಕೊಟ್ಟಿದ್ದರು. ಟಿಕ್‌ಟಾಕ್‌ನಲ್ಲಿ ಮಾತ್ರ ಅವರೇ ತುಂಬಿದ್ದರು. ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25,000 ಖಾತೆಗಳು ಒಮ್ಮೆಲೇ ಚುರುಕಾದವು ಎಂದು ಗುಪ್ತಚರ ದಾಖಲೆಗಳು ಹೇಳಿದವು. ಡಿಸೆಂಬರ್ 6ರಂದು, ಎರಡನೇ ಸುತ್ತಿಗೆ ಎರಡೇ ದಿನ ಇರುವಾಗ, ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನು ರದ್ದು ಮಾಡಿತು. ಆ ಹೊತ್ತಿಗೆ ವಿದೇಶದಲ್ಲಿದ್ದ ರೊಮೇನಿಯನ್ನರು ಮತ ಹಾಕಲು ಶುರುಮಾಡಿಯೂ ಆಗಿತ್ತು.

ಲೆಕ್ಕ ಓದುವವರಿಗೆ ಖರ್ಚು ಸೊನ್ನೆ ಎಂಬ ನಮೂದು ಕಂಡ ತಕ್ಷಣ ಅನುಮಾನ ಬರಬೇಕು. ಆದರೆ ಆಮೇಲೆ ರೊಮೇನಿಯಾದ ಪತ್ರಕರ್ತರು ಬರೆದದ್ದು ಇನ್ನೂ ವಿಚಿತ್ರ. ಟಿಕ್‌ಟಾಕ್ ಪ್ರಚಾರದ ಒಂದು ಭಾಗಕ್ಕೆ ಹಣ ಕೊಟ್ಟದ್ದು ವಿದೇಶವಲ್ಲ, ಅದೇ ದೇಶದ ಒಂದು ದೊಡ್ಡ ಪಕ್ಷ ಎಂದು ಅವರು ತೋರಿಸಿದರು. ಸಾಕ್ಷ್ಯ ಪೂರ್ತಿ ಹೊರಬರುವ ಮೊದಲೇ ಮತ ರದ್ದಾಗಿತ್ತು. ಕೌನ್ಸಿಲ್ ಆಫ್ ಯುರೋಪ್‌ನ ವೆನಿಸ್ ಆಯೋಗ 2025ರ ಜನವರಿಯಲ್ಲಿ ಎಚ್ಚರಿಸಿದ್ದೂ ಇದನ್ನೇ. ಕೇವಲ ರಹಸ್ಯ ಗುಪ್ತಚರ ಮಾಹಿತಿಯ ಮೇಲೆ ಚುನಾವಣೆ ರದ್ದು ಮಾಡುವುದು ಸರಿಯಲ್ಲ ಎಂದಿತು.

ಈ ಎಚ್ಚರಿಕೆ ನಮಗೂ ಮುಖ್ಯ. 'ವಿದೇಶಿ ಕೈವಾಡ' ಎಂಬ ಮಾತು ಭಾರತದ ರಾಜಕೀಯದಲ್ಲಿ 1970ರ ದಶಕದಿಂದ ಕೇಳಿಬರುತ್ತಿದೆ. ಕೆಲವೊಮ್ಮೆ ಅದು ನಿಜ, ಕೆಲವೊಮ್ಮೆ ಟೀಕಿಸುವವರ ಬಾಯಿ ಮುಚ್ಚಿಸುವ ಸುಲಭ ದಾರಿ. ದಮ್ಮಾಮ್‌ನಲ್ಲಿ ದುಡಿಯುವ ನನ್ನ ಮಾಮೂ ಊರಿನ ರಸ್ತೆ, ನೀರು, ಶಾಸಕರ ಬಗ್ಗೆ ಮನೆಯ ಗುಂಪಿನಲ್ಲಿ ಉದ್ದುದ್ದ ಸಂದೇಶ ಕಳಿಸುತ್ತಾರೆ. ಸಂದೇಶ ಬರುವುದು ವಿದೇಶದಿಂದ. ಆದರೆ ಮಾಮೂ ಭಾರತದ ಪ್ರಜೆ, ಹೆಸರು ಸೇರಿಸಿಕೊಂಡರೆ ಊರಿಗೆ ಬಂದು ಮತವನ್ನೂ ಹಾಕಬಹುದು. ಇನ್ನು ನಿಜವಾದ ವಿದೇಶಿಯರ ಮಾತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದದ 19ನೇ ವಿಧಿ ಗಡಿಗಳಾಚೆಯಿಂದಲೂ ವಿಚಾರ ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ವಿದೇಶಿ ಪತ್ರಿಕೆಯೊಂದು ತನ್ನ ಹೆಸರಿನಲ್ಲೇ ನಮ್ಮ ಚುನಾವಣೆಯ ಬಗ್ಗೆ ಬರೆದರೆ ಓದೋಣ, ಒಪ್ಪೋಣ ಅಥವಾ ಬಿಡೋಣ. ಏನು ಹೇಳಿದರು ಎಂಬುದನ್ನು ಕಾನೂನು ಅಳೆಯಲು ಹೊರಟರೆ ಅದು ತಪ್ಪಾದ ಬಾಗಿಲು. ಯಾರು ಹೇಳಿದರು, ಯಾರು ಹಣ ಕೊಟ್ಟರು, ಹೆಸರು ನಿಜವೇ ಎಂದು ಕೇಳುವುದು ಸರಿಯಾದ ಬಾಗಿಲು.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಹೊಸ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಮೂರು ಅಂಶಗಳು ಬೇಕು.

ಮೊದಲನೆಯದು, ರಾಜಕೀಯ ಜಾಹೀರಾತಿಗೆ ಹಣ ಕೊಟ್ಟವರ ಹೆಸರು ಎಲ್ಲರಿಗೂ ಕಾಣಬೇಕು. ಓಚರ್ ಇಲ್ಲದೆ ನಮೂದು ಇಲ್ಲ ಎಂಬ ನಿಯಮವನ್ನು ಸಣ್ಣ ಅಂಗಡಿಯೇ ಪಾಲಿಸುತ್ತದೆ, ಫೇಸ್‌ಬುಕ್ ಏಕೆ ಪಾಲಿಸಬಾರದು? ಯುರೋಪಿಯನ್ ಒಕ್ಕೂಟದಲ್ಲಿ 2025ರ ಅಕ್ಟೋಬರ್‌ನಿಂದ ಇಂಥ ಕಾನೂನು ಜಾರಿಯಲ್ಲಿದೆ. ಚುನಾವಣೆಗೆ ಮುಂಚಿನ ಮೂರು ತಿಂಗಳು ಒಕ್ಕೂಟದ ಹೊರಗಿನವರು ರಾಜಕೀಯ ಜಾಹೀರಾತಿಗೆ ಹಣ ಕೊಡುವಂತಿಲ್ಲ. ಭಾರತದಲ್ಲಿ 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ಅಭ್ಯರ್ಥಿ ವಿದೇಶಿ ಹಣ ಪಡೆಯುವಂತಿಲ್ಲ. ಅದಲ್ಲದೆ ಅಭ್ಯರ್ಥಿ ತನ್ನ ಸಾಮಾಜಿಕ ಮಾಧ್ಯಮ ಖಾತೆಗಳ ವಿವರವನ್ನೂ ಪ್ರಮಾಣಪತ್ರದಲ್ಲಿ ಕೊಡಬೇಕು. ಆದರೆ ಇವೆಲ್ಲ ಅಭ್ಯರ್ಥಿಯನ್ನು ಕಟ್ಟಿಹಾಕುತ್ತವೆ. ಹ್ಯೂಸ್ಟನ್‌ನ ಪುಟಗಳ ಹಿಂದೆ ಯಾವ ಅಭ್ಯರ್ಥಿಯೂ ಇರಲಿಲ್ಲ.

ಎರಡನೆಯದು, ತನ್ನ ನೆಲದಲ್ಲಿ ಬೇರೆ ದೇಶದ ಜನರ ವೇಷ ಹಾಕುವ ಸಂಘಟಿತ ಕೆಲಸ ನಡೆಯುತ್ತಿದೆ ಎಂದು ಗೊತ್ತಾದ ಮೇಲೆ ಅದನ್ನು ತಡೆಯುವುದು ಸರ್ಕಾರದ ಹೊಣೆಯಾಗಬೇಕು. ಬಲವಂತ ಇತ್ತೇ ಎಂದು ಮಾತ್ರ ಕೇಳಿದರೆ ಸಾಲದು, ಮೋಸದ ಹೆಸರು ಇತ್ತೇ ಎಂದೂ ಕೇಳಬೇಕು.

ಮೂರನೆಯದು, ಹಸ್ತಕ್ಷೇಪದ ಹೆಸರಿನಲ್ಲಿ ಜನರ ಮತವನ್ನು ರದ್ದು ಮಾಡುವ ದೇಶ ತನ್ನ ಸಾಕ್ಷ್ಯವನ್ನು ಜನರ ಮುಂದೆ ಇಡಬೇಕು. ಇಲ್ಲವಾದರೆ ಮದ್ದೇ ಕಾಯಿಲೆಯಾಗುತ್ತದೆ.

ಇಷ್ಟು ಗಲಾಟೆ ಏಕೆ, ಇಂಥ ಪೋಸ್ಟ್‌ಗಳಿಂದ ಯಾರ ಮನಸ್ಸೂ ಬದಲಾಗುವುದಿಲ್ಲ ಎನ್ನುವವರೂ ಇದ್ದಾರೆ. ಅವರ ಬಳಿ ಆಧಾರವೂ ಇದೆ. 2016ರಲ್ಲಿ ರಷ್ಯಾದ ಟ್ವಿಟರ್ ಖಾತೆಗಳನ್ನು ನೋಡಿದ್ದಕ್ಕೂ ಮತದಾರರ ನಿಲುವು ಬದಲಾದದ್ದಕ್ಕೂ ಅರ್ಥವಾಗುವಂಥ ಸಂಬಂಧ ಕಾಣಲಿಲ್ಲ ಎಂದು 2023ರ ಒಂದು ಅಧ್ಯಯನ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂತು. ಅದನ್ನು ಒಪ್ಪುತ್ತೇನೆ. ಆದರೆ ಫಲಿತಾಂಶ ಬದಲಾಯಿತೇ ಎಂಬುದೊಂದೇ ಅಳತೆಯಲ್ಲ. ನನ್ನ ಸಹಿಯನ್ನು ಯಾರೋ ನಕಲು ಮಾಡಿದರೆ, ಬ್ಯಾಂಕು ಆ ಚೆಕ್ಕನ್ನು ವಾಪಸು ಮಾಡಿದರೂ ನಕಲು ನಕಲೇ. ಹ್ಯೂಸ್ಟನ್‌ನಲ್ಲಿ ಬಂದೂಕು ಹಿಡಿದು ನಿಂತಿದ್ದವರ ಎದುರು ಆ ದಿನ ಯಾರಿಗಾದರೂ ಪೆಟ್ಟಾಗಿದ್ದರೆ, ಮತ ಎಣಿಕೆಯಲ್ಲಿ ವ್ಯತ್ಯಾಸವಾಗಲಿಲ್ಲ ಎಂಬುದು ಆ ಮನೆಯವರಿಗೆ ಯಾವ ಸಮಾಧಾನ?

ಸ್ನೇಹಿತರೇ, ಒಪ್ಪಂದಗಳು ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಒಂದು ಹಳೆಯ ಪದ್ಧತಿ ನಮ್ಮ ಕೈಯಲ್ಲೇ ಇದೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಮಾತನ್ನು ಮಾತ್ರ ನೋಡುತ್ತಿರಲಿಲ್ಲ, ಅದನ್ನು ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನೂ ನೋಡುತ್ತಿದ್ದರು. ಅದನ್ನು ಸನದ್ ಎನ್ನುತ್ತಾರೆ. ಸರಪಳಿಯಲ್ಲಿ ಒಂದು ಕೊಂಡಿ ಯಾರೆಂದು ಗೊತ್ತಾಗದಿದ್ದರೂ ಮಾತು ದುರ್ಬಲವಾಗುತ್ತಿತ್ತು. ಫಾರ್ವರ್ಡ್ ಆಗಿ ಬಂದ ರಾಜಕೀಯ ಸಂದೇಶಕ್ಕೂ ಸನದ್ ಕೇಳೋಣ. ಇದನ್ನು ಬರೆದವರು ಯಾರು? ಆ ಸಂಘಟನೆಯ ವಿಳಾಸ ಎಲ್ಲಿದೆ? ಅವರನ್ನು ಕಂಡವರು ಯಾರಾದರೂ ಇದ್ದಾರೆಯೇ? ನಮ್ಮ ಸಮುದಾಯದ ಪರವಾಗಿರುವ ಸಂದೇಶಕ್ಕೂ ಇದೇ ಪ್ರಶ್ನೆ ಕೇಳಬೇಕು, ಇನ್ನೂ ಗಟ್ಟಿಯಾಗಿ ಕೇಳಬೇಕು, ಏಕೆಂದರೆ ನಮ್ಮ ಹೆಸರಿಗೆ ನಾವೇ ಜವಾಬ್ದಾರರು.

ಇನ್ನೊಂದು ಕೆಲಸವೂ ಇದೆ. 17 ವರ್ಷ ತುಂಬಿದವರು ಮತದಾರರ ಪಟ್ಟಿಗೆ ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು, 18 ತುಂಬಿದ ಮೇಲೆ ಹೆಸರು ಸೇರುತ್ತದೆ. ನಮ್ಮ ದ್ವಿತೀಯ ಪಿಯುಸಿಯಲ್ಲಿ ಬಹುತೇಕ ಎಲ್ಲರೂ ಅರ್ಹರು. ನಾನು ಅರ್ಜಿ ಹಾಕಿದ್ದೇನೆ. ನೀವು ಮತ ಹಾಕುವುದಿಲ್ಲ ಎಂದು ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಹೇಳುವ ಮೊದಲು ನೀವೂ ಹಾಕಿ.